ಕ್ರಿಸ್‌ಮಸ್ ಊಟಕ್ಕೆ ಮಣ್ಣಿಗೂ ಒಪ್ಪುವ ರೆಡ್ ವೈನ್ ಆರಿಸುವುದು ಹೇಗೆ?

ಡಿಸೆಂಬರ್ ಬಂದರೆ ವೈನ್ ಅಂಗಡಿಗೆ ಹೋಗುವವರು ಜಾಸ್ತಿ. ಲೇಬಲ್ ಮೇಲೆ ಹಸಿರು ಬಳ್ಳಿ, ಹಕ್ಕಿ ಕಂಡರೆ ಪರಿಸರಕ್ಕೆ ಒಳ್ಳೆಯದಿರಬೇಕು ಅಂತ ಕೈ ತಾನಾಗಿ ಅತ್ತ ಹೋಗುತ್ತದೆ. ಆ ಚಿತ್ರ ಯಾರು ಬೇಕಾದರೂ ಹಾಕಬಹುದು. ನಿಜ ತಿಳಿಯಬೇಕಿದ್ದರೆ ಬಾಟಲಿ ತಿರುಗಿಸಿ ನೋಡಿ.

ಮೊದಲು ಮುದ್ರೆ ಹುಡುಕಿ

ಯುರೋಪಿನ ವೈನ್ ಆದರೆ ಹಸಿರು ಹಿನ್ನೆಲೆಯಲ್ಲಿ ಬಿಳಿ ನಕ್ಷತ್ರಗಳಿಂದ ಮಾಡಿದ ಎಲೆ ಇರಬೇಕು. ಅದು ಅಲ್ಲಿನ ಸಾವಯವ ಮುದ್ರೆ. 2012ರಿಂದ ದ್ರಾಕ್ಷಿಗೆ ಮಾತ್ರವಲ್ಲ, ವೈನ್ ತಯಾರಿಕೆಗೂ ಈ ನಿಯಮ ಇದೆ. ಸಿಹಿಯಿಲ್ಲದ ಸಾಮಾನ್ಯ ರೆಡ್ ವೈನ್‌ನಲ್ಲಿ ಕೆಡದಂತೆ ಹಾಕುವ ಸಲ್ಫೈಟ್ ಲೀಟರಿಗೆ 150 ಮಿಲಿಗ್ರಾಂವರೆಗೆ ಇರಬಹುದು. ಸಾವಯವಕ್ಕೆ ಮಿತಿ 100. ದಕ್ಷಿಣ ಆಫ್ರಿಕಾದ ಬಾಟಲಿಯ ಕುತ್ತಿಗೆಯಲ್ಲಿ 2010ರ ಫಸಲಿನಿಂದೀಚೆಗೆ ಸುಸ್ಥಿರತೆಯ ಮುದ್ರೆ ಬರುತ್ತಿದೆ. ಅದರ ಸಂಖ್ಯೆಯನ್ನು ಆನ್‌ಲೈನ್‌ನಲ್ಲಿ ಹಾಕಿ ಪರೀಕ್ಷಿಸಬಹುದು. ‘ನ್ಯಾಚುರಲ್’ ಎಂದಷ್ಟೇ ಬರೆದಿದ್ದರೆ ಅದನ್ನೇ ನೆಚ್ಚಿಕೊಳ್ಳಬೇಡಿ.

ಸಾವಯವ ಎಂದರೆ ಏನೂ ಸಿಂಪಡಿಸಿಲ್ಲವೇ?

ಇಲ್ಲಿ ಬಹಳ ಜನರಿಗೆ ತಪ್ಪು ತಿಳಿವಳಿಕೆ ಇದೆ. ಮಲೆನಾಡು, ಕರಾವಳಿಯ ಅಡಿಕೆ ಬೆಳೆಗಾರರು ಕೊಳೆರೋಗಕ್ಕೆ ಮೈಲುತುತ್ತು (ತಾಮ್ರದ ಲವಣ), ಸುಣ್ಣ ಸೇರಿಸಿ ಹೊಡೆಯುವ ಬೋರ್ಡೊ ದ್ರಾವಣ ಗೊತ್ತಲ್ವಾ? ಅದು ಹುಟ್ಟಿದ್ದೇ ಫ್ರಾನ್ಸಿನ ಬೋರ್ಡೊ ಸೀಮೆಯ ದ್ರಾಕ್ಷಿ ತೋಟಗಳಲ್ಲಿ, 1880ರ ದಶಕದಲ್ಲಿ. ಸಾವಯವ ದ್ರಾಕ್ಷಿ ಬೆಳೆಯುವವರೂ ಬೂಜುರೋಗಕ್ಕೆ ಇವತ್ತಿಗೂ ತಾಮ್ರವನ್ನೇ ನಂಬಿದ್ದಾರೆ. ತಾಮ್ರ ಕರಗಿ ಹೋಗುವುದಿಲ್ಲ, ಮಣ್ಣಿನಲ್ಲೇ ಕೂರುತ್ತದೆ. ಹಾಗಾಗಿ ಯುರೋಪಿನಲ್ಲಿ ಹೆಕ್ಟೇರಿಗೆ ಏಳು ವರ್ಷಕ್ಕೆ 28 ಕಿಲೋ ಎಂಬ ಮಿತಿ ಇದೆ. ಮಳೆ ಕಡಿಮೆ ಬೀಳುವ ಸೀಮೆಯಲ್ಲಿ ಈ ರೋಗ ಕಡಿಮೆ, ಸಿಂಪಡಣೆಯೂ ಕಡಿಮೆ. ಚಿಲಿಯ ಒಣ ಕಣಿವೆಗಳಲ್ಲಿ ಸಾವಯವ ದ್ರಾಕ್ಷಿ ಬೆಳೆಯುವುದು ಸುಲಭವಾಗಿರುವುದು ಇದಕ್ಕೇ. ಅಲ್ಲಿನ ಎಮಿಲಿಯಾನಾ ಕಂಪನಿಯ ವೈನ್ ಸಿಕ್ಕರೆ ನಾನಂತೂ ಧೈರ್ಯವಾಗಿ ಕೊಳ್ಳುತ್ತೇನೆ.

ಬಾಟಲಿ ಎತ್ತಿ ನೋಡಿ

ವೈನ್‌ನ ಇಂಗಾಲದ ಲೆಕ್ಕದಲ್ಲಿ ಗಾಜಿನದು ದೊಡ್ಡ ಪಾಲು. ಗಾಜು ಕರಗಿಸಲು ಕುಲುಮೆ ಉರಿಯಬೇಕು, ಆಮೇಲೆ ಅಷ್ಟೂ ಭಾರವನ್ನು ಸಾಗಿಸಬೇಕು. 750 ಮಿಲಿಯ ತುಂಬಿದ ಬಾಟಲಿ 1.2 ಕಿಲೋ ಆಸುಪಾಸು ತೂಗಿದರೆ ಒಳ್ಳೆಯದು. ಒಂದೂವರೆ ಕಿಲೋ ದಾಟಿದರೆ ಅರ್ಧ ತೂಕ ಬರೀ ಗಾಜು. ದಪ್ಪ ಬಾಟಲಿಯಿಂದ ರುಚಿಯೇನೂ ಹೆಚ್ಚುವುದಿಲ್ಲ.

ಹತ್ತಿರದ ತೋಟ

ನಂದಿ ಬೆಟ್ಟದ ತಪ್ಪಲಿನಲ್ಲಿ, ದೊಡ್ಡಬಳ್ಳಾಪುರದ ಕಡೆ ಗ್ರೋವರ್ ಜಂಪಾದವರ ತೋಟವಿದೆ. ಇಂಥ ತೋಟಗಳಿಗೆ ಹೋದಾಗ ರುಚಿ ನೋಡಿ ಸುಮ್ನೆ ಬರಬೇಡಿ. ನೀರು ಎಲ್ಲಿಂದ? ಹನಿ ನೀರಾವರಿಯೇ? ಹಿಂಡಿದ ಸಿಪ್ಪೆ, ಬೀಜ ಗೊಬ್ಬರಕ್ಕೆ ಹೋಗುತ್ತದೆಯೇ? ಪೀಪಾಯಿ ತೊಳೆದ ನೀರನ್ನು ಏನು ಮಾಡುತ್ತೀರಿ? ಚೆನ್ನಾಗಿ ನೋಡಿಕೊಂಡವರು ಇಂಥ ಪ್ರಶ್ನೆಗೆ ಖುಷಿಯಿಂದ ವಿವರ ಕೊಡುತ್ತಾರೆ. ಮುದ್ರೆ ಇಲ್ಲದ ಬಾಟಲಿಯಾದರೂ ಇಷ್ಟಕ್ಕೆಲ್ಲ ನೇರ ಉತ್ತರ ಸಿಕ್ಕರೆ ನನ್ನ ಮತ ಅದಕ್ಕೇ.

ಊಟಕ್ಕೆ ಹೊಂದಿಸಿ

ಮಂಗಳೂರಿನ ಖಾರದ ಹಂದಿ ಬಫಾತ್, ‘ಸಣ್ಣ’ ಎಂಬ ಅಕ್ಕಿ ಇಡ್ಲಿ ಇದ್ದ ಮನೆಯಲ್ಲಿ ಒಗರು ಜಾಸ್ತಿಯ ವೈನ್ ಬೇಡ. ಖಾರಕ್ಕೆ ಒಗರು ಸೇರಿದರೆ ಬಾಯಿ ಉರಿಯುತ್ತದೆ, ಆಲ್ಕೋಹಾಲ್ ಹೆಚ್ಚಾದಷ್ಟೂ ಉರಿ ಇನ್ನೂ ಹೆಚ್ಚು. ಪಿನೋ ನ್ವಾರ್ ದ್ರಾಕ್ಷಿಯ ಥರದ ಮೃದು ವೈನ್ ತನ್ನಿ. ಆಲ್ಕೋಹಾಲ್ ಶೇ 13ರೊಳಗೆ ಇದ್ದರೆ ಒಳ್ಳೆಯದು. ಸುಟ್ಟ ಮಾಂಸಕ್ಕೆ ಶಿರಾಜ್ ಸರಿ.

ಕರಾವಳಿಯ ಸೆಕೆಯಲ್ಲಿ ಬಡಿಸುವ ಮುಂಚೆ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ಒಂದು ಬಾಟಲಿ ಐದು ಲೋಟಕ್ಕೆ ಬರುತ್ತದೆ, ಲೆಕ್ಕ ಹಾಕಿಯೇ ತನ್ನಿ. ಮಕ್ಕಳಿಗೆ, ಗರ್ಭಿಣಿಯರಿಗೆ, ಗಾಡಿ ಓಡಿಸುವವರಿಗೆ ದ್ರಾಕ್ಷಿ ರಸ ಇರಲಿ. ಉಳಿದ ವೈನ್‌ಗೆ ಬಿರಡೆ ಹಾಕಿ ಫ್ರಿಜ್‌ನಲ್ಲಿಟ್ಟರೆ ಮೂರು ದಿನ ಚೆನ್ನಾಗಿರುತ್ತದೆ. ಖಾಲಿ ಬಾಟಲಿ ತೊಳೆದು, ಒಡೆಯದ ಹಾಗೆ ಗುಜರಿಯವರಿಗೆ ಕೊಡಿ.