ಶರಾವತಿ ಹಿನ್ನೀರಿನಲ್ಲಿ ಕ್ಯಾಟಮರಾನ್: ಮೊದಲು ಹಿಂದಕ್ಕೆ, ಆಮೇಲೆ ಮುಂದಕ್ಕೆ

ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಕ್ಯಾಟಮರಾನನ್ನು, ಅಂದರೆ ಜೋಡಿ ಒಡಲಿನ ಹಾಯಿದೋಣಿಯನ್ನು, ಒಬ್ಬನೇ ನಡೆಸಲು ಕಲಿಯುತ್ತೇನೆ ಎಂದಾಗ ಬೇಡವೆಂದವರಲ್ಲಿ ಮೂರು ಬಗೆ. ಘಟ್ಟದ ಮೇಲೆ ನಂಬುವಂಥ ಗಾಳಿಯೇ ಇಲ್ಲ, ಮೊದಲು ಒಂಟಿ ಒಡಲಿನ ಸಣ್ಣ ದೋಣಿಯಲ್ಲಿ ಎರಡು ವರ್ಷ ಕಳೆಯಿರಿ ಎಂದರು ಕರಾವಳಿಯ ತರಬೇತುದಾರರೊಬ್ಬರು. ಗಾಳಿ ಇದ್ದರೂ ನೀರಿನೊಳಗಿನ ಮರದ ಬೊಡ್ಡೆಗಳು ದೋಣಿಯನ್ನು ಸೀಳುತ್ತವೆ ಎಂದರು ಇಲ್ಲಿಯ ಕಯಾಕ್ ಗೆಳೆಯರು. ಭಾವ ಮಾತ್ರ ಗಾಳಿ, ಬೊಡ್ಡೆ ಯಾವುದರ ಗೊಡವೆಗೂ ಹೋಗದೆ, "ಅಡಿಕೆಗೆ ದರ ಬಂದದ್ದೇ ತಪ್ಪಾಯಿತು" ಎಂದು ಎಲೆಗೆ ಸುಣ್ಣ ಹಚ್ಚಿಕೊಂಡರು. ಈಗ ಅದೇ ನೀರಿನಲ್ಲಿ ಟ್ಯಾಕ್ ಮೇಲೆ ಟ್ಯಾಕ್ ಹಾಕುತ್ತ (ಮೂತಿ ಗಾಳಿಯನ್ನು ದಾಟುವಂತೆ ಇನ್ನೊಂದು ಬದಿಗೆ ತಿರುಗುವುದೇ ಟ್ಯಾಕ್), ಗಾಳಿಗೆ ಎದುರಾಗಿ ಹೋಗಿ, ದ್ವೀಪ ಸುತ್ತಿ ಮನೆಗೆ ಬರುತ್ತೇನೆ. ಹಾಗಾಗಿ ಬರೆಯುವ ಧೈರ್ಯ ಬಂದಿದೆ. ಜಿಬ್ ಎಂದರೆ ಮುಂದಿನ ಸಣ್ಣ ಹಾಯಿ, ಶೀಟ್ ಎಂದರೆ ಹಾಯಿಯನ್ನು ಬಿಗಿದು ಸಡಿಲಿಸುವ ಹಗ್ಗ; ಇದಕ್ಕಿಂತ ಹೆಚ್ಚು ವಿವರಿಸಲು ಹೋಗುವುದಿಲ್ಲ. ಹೊನ್ನೆಮರಡು ಕಡೆ ಕಯಾಕ್, ವಿಂಡ್‌ಸರ್ಫಿಂಗ್ ಎಂದು ನೀರಿಗಿಳಿದವರಿಗೆ ಅಷ್ಟು ಗೊತ್ತಿದ್ದೇ ಇರುತ್ತದೆ.

ದೋಣಿ ಹೋಬಿ 16. ಕ್ಯಾಲಿಫೋರ್ನಿಯಾದ ಹೋಬಿ ಆಲ್ಟರ್ 1970ರ ಸುಮಾರಿಗೆ ಹೊರತಂದ ಮಾದರಿ. ಇದುವರೆಗೆ ಲಕ್ಷಕ್ಕೂ ಮಿಕ್ಕಿ ತಯಾರಾಗಿದೆ. ಹೊಸದರ ಬೆಲೆ ಕೇಳುವ ಗೋಜಿಗೇ ಹೋಗಲಿಲ್ಲ. ನನ್ನದು ಕರಾವಳಿಯ ಒಂದು ರೆಸಾರ್ಟಿನ ಹಿತ್ತಿಲಿನಲ್ಲಿ ಬಿಸಿಲಿಗೆ ಬಿದ್ದಿದ್ದ ಹಳೆಯದು. ಎರಡು ಲಕ್ಷ ಎಂದವರನ್ನು ಒಂದೂಕಾಲಿಗೆ ಇಳಿಸಿದೆ. ಈ ಮಾದರಿಯನ್ನೇ ಹಿಡಿದು ಕುಳಿತದ್ದಕ್ಕೆ ಕಾರಣ ಬೊಡ್ಡೆಗಳು. ಇದಕ್ಕೆ ಕೆಳಗೆ ಇಳಿಬಿಡುವ ಹಲಗೆಯಿಲ್ಲ. ಒಂದು ಬದಿ ಉಬ್ಬಿ ಇನ್ನೊಂದು ಬದಿ ಚಪ್ಪಟೆಯಾದ ಒಡಲುಗಳೇ ಆ ಕೆಲಸ ಮಾಡುತ್ತವೆ. ನೀರಿನ ಆಳಕ್ಕೆ ಚಾಚಿರುವುದು ಎರಡು ಚುಕ್ಕಾಣಿಗಳು ಮಾತ್ರ, ಅವೂ ಬೊಡ್ಡೆಗೆ ತಾಗಿದರೆ ತಾವಾಗಿಯೇ ಮೇಲಕ್ಕೆ ಚಿಮ್ಮುತ್ತವೆ. ಚಿಮ್ಮುವಂತೆ ಮಾಡುವ ಪ್ಲಾಸ್ಟಿಕ್ ಗುಬಟು ಸವೆಯುತ್ತದೆ; ಒಂದು ಜೊತೆ ಹೆಚ್ಚಿಗೆ ಇಟ್ಟುಕೊಳ್ಳಿ.

ಸಾಗಣೆಯದೇ ಒಂದು ಪುರಾಣ. ಜೋಡಿಸಿದರೆ ದೋಣಿಯ ಅಗಲ ಎಂಟು ಅಡಿ, ಹಾಗಾಗಿ ಪೂರ್ತಿ ಬಿಚ್ಚಿ ಹೇರಬೇಕು. ಮಾಸ್ಟ್, ಅಂದರೆ ಹಾಯಿಯ ಕಂಬ, ಇಪ್ಪತ್ತಾರು ಅಡಿಗೂ ಉದ್ದ, ಅದನ್ನು ತುಂಡುತುಂಡಾಗಿ ಬಿಚ್ಚಲು ಬರುವುದಿಲ್ಲ. ಹೊನ್ನಾವರ, ಗೇರುಸೊಪ್ಪೆ, ಮಾವಿನಗುಂಡಿ ದಾರಿಯಲ್ಲಿ ಒಂದೊಂದು ತಿರುವಿಗೂ ನಾನು ಕೆಳಗಿಳಿದು ಮಾಸ್ಟಿನ ತುದಿಗೆ ಕಟ್ಟಿದ ಕೆಂಪು ಬಟ್ಟೆ ಹಿಡಿದುಕೊಂಡು ನಡೆದೆ. ಚಾಲಕ ಹದಿನೆಂಟು ಸಾವಿರ ತೆಗೆದುಕೊಂಡ. ಘಟ್ಟ ನೋಡಿದ ಮೇಲೆ ಚೌಕಾಸಿ ಮಾಡಲು ಬಾಯಿ ಬರಲಿಲ್ಲ.

ಮನೆಯಂಗಳದಲ್ಲಿ ಇಳಿಸಿ ನಾಣ್ಯದಿಂದ ತಟ್ಟಿ ನೋಡಿದರೆ ಒಡಲಿನ ಮೇಲ್ಭಾಗದಲ್ಲಿ ಅಲ್ಲಲ್ಲಿ ಟೊಳ್ಳು ಸದ್ದು. ಫೈಬರ್ ಪದರ ಒಳಗಿನ ಫೋಮಿನಿಂದ ಬಿಟ್ಟುಕೊಂಡಿತ್ತು. ಮಾರಿದವರು ಅದರ ಮೇಲೆ ಹೊಸ ಬಣ್ಣ ಬಳಿದಿದ್ದರು. ಫೋನ್ ಮಾಡಿದರೆ ಎತ್ತಲಿಲ್ಲ. ಒಂದಂಗುಲಕ್ಕೊಂದು ಸಣ್ಣ ತೂತು ಕೊರೆದು, ದನಕ್ಕೆ ಚುಚ್ಚುವ ದೊಡ್ಡ ಸಿರಿಂಜಿನಿಂದ ತೆಳು ಎಪಾಕ್ಸಿ ಅಂಟು ತುಂಬಿದೆ. ಪಕ್ಕದ ತೂತಿನಿಂದ ಉಕ್ಕುವವರೆಗೆ ತುಂಬಬೇಕು, ಆಮೇಲೆ ಮೇಲೆ ಭಾರ ಹೇರಬೇಕು. ಮಳೆಗಾಲದಲ್ಲಿ ಮಾಡಿದ ಮೊದಲ ತೇಪೆ ಸರಿಯಾಗಿ ಗಟ್ಟಿಯಾಗದೆ ಅಂಟಂಟಾಗಿಯೇ ಉಳಿಯಿತು. ನಮ್ಮ ಮಲೆನಾಡಿನ ತೇವದಲ್ಲಿ ಅದು ಆಗುವ ಕೆಲಸವಲ್ಲ. ಕೊನೆಗೆ ಒಡಲುಗಳನ್ನು ಅಡಿಕೆ ಒಣಗಿಸುವ ಡ್ರೈಯರ್ ಕೋಣೆಗೆ ಸಾಗಿಸಿ, ಹದವಾದ ಬಿಸಿ ಕೊಟ್ಟು ಮಾಡಿದ ತೇಪೆ ಕಲ್ಲಿನಂತಾಯಿತು. ಎಪಾಕ್ಸಿ, ಬಟ್ಟೆ ಸೇರಿ ಒಂಬತ್ತು ಸಾವಿರದ ಸುಮಾರು. ಆ ವಾರ ಅಡಿಕೆ ಒಣಗಲಿಲ್ಲ. ಮನೆಯಲ್ಲಿ ಆದ ಮಾತುಕತೆಯನ್ನು ಇಲ್ಲಿ ಬರೆಯುವುದಿಲ್ಲ.

ಇನ್ನು ನೀರಿಗಿಳಿದ ಕಥೆ. ಕ್ಯಾಟಮರಾನ್ ನೇರ ಹೋಗುವುದರಲ್ಲಿ ಹೇಳಿಕೊಡುವಂಥದ್ದು ಏನೂ ಇಲ್ಲ, ಗಾಳಿ ಬದಿಗೆ ಬಂದರೆ ತಾನೇ ಹೋಗುತ್ತದೆ. ಕಷ್ಟ ಇರುವುದು ತಿರುಗಿಸುವುದರಲ್ಲಿ. ಎರಡು ಉದ್ದ ಒಡಲುಗಳಿಗೆ ತಿರುಗುವ ಮನಸ್ಸಿಲ್ಲ, ದೋಣಿಯ ತೂಕ 145 ಕೆ.ಜಿ.ಯಷ್ಟೇ ಆದ್ದರಿಂದ ಓಡುತ್ತಿದ್ದ ವೇಗ ಅರ್ಧ ತಿರುವಿನಲ್ಲೇ ಸತ್ತುಹೋಗುತ್ತದೆ. ಮೂತಿ ಗಾಳಿಗೆ ನೇರವಾಗಿ ನಿಲ್ಲುತ್ತದೆ, ಹಾಯಿ ಪಟಪಟ ಬಡಿಯುತ್ತದೆ, ದೋಣಿ ಹಿಂದಕ್ಕೆ ಸರಿದು ಮೊದಲಿನ ದಿಕ್ಕಿಗೇ ಹೊರಳುತ್ತದೆ. ಅಷ್ಟರಲ್ಲಿ ಗಾಳಿ ನಿಮ್ಮನ್ನು ದಂಡೆಯ ಬೊಡ್ಡೆಗಳ ನಡುವೆ ತಂದು ನಿಲ್ಲಿಸಿರುತ್ತದೆ. ಮೊದಲ ಬೇಸಿಗೆ ಪೂರ್ತಿ ನನ್ನದು ಇದೇ ಗತಿ. ಸಂಜೆ ಸೊಂಟದ ನೀರಿನಲ್ಲಿ ದೋಣಿ ಎಳೆಯುತ್ತ ಬರುವ ನನ್ನನ್ನು ದಂಡೆಯಲ್ಲಿ ಮೀನು ಹಿಡಿಯುವವರು "ಇವತ್ತೂ ನಡೆಸಿಕೊಂಡೇ ಬಂದಿರಾ" ಎಂದು ಕೇಳುತ್ತಿದ್ದರು.

ಕೇಳಿದವರೆಲ್ಲ ಕೊಟ್ಟ ಸಲಹೆ ಒಂದೇ: ತಿರುಗುವ ಮುನ್ನ ವೇಗ ಹೆಚ್ಚಿಸು. ಸಮುದ್ರದಲ್ಲಿ ಅದು ಸರಿ. ಇಲ್ಲಿ ದ್ವೀಪ, ಗುಡ್ಡ, ಕೊಲ್ಲಿಗಳ ನಡುವೆ ಗಾಳಿ ನಿಮಿಷಕ್ಕೊಮ್ಮೆ ದಿಕ್ಕು ಬದಲಿಸುತ್ತದೆ. ವೇಗ ಕೂಡಿಸಿಕೊಂಡು ಚುಕ್ಕಾಣಿ ತಿರುಗಿಸುವ ಹೊತ್ತಿಗೆ ದ್ವೀಪದ ಮರೆ ಬಂದು ಗಾಳಿಯೇ ಇರುವುದಿಲ್ಲ. ಹೇಗಿದ್ದರೂ ದೋಣಿ ನಿಲ್ಲುತ್ತದೆ ಎಂದಾದರೆ, ನಿಂತ ಮೇಲೆ ಏನು ಮಾಡಬೇಕೆಂಬುದನ್ನೇ ಮೊದಲು ಕಲಿಯಬೇಕು ಎಂದು ನನಗೆ ಹೊಳೆದದ್ದು ಹೀಗೆ. ತರಬೇತುದಾರರಿಗೆ ಹೇಳಿದಾಗ ನಕ್ಕರು. ಹಿಂದಕ್ಕೆ ಹೋಗಲು ಕಲಿಯುವವನನ್ನು ಇದೇ ಮೊದಲು ನೋಡಿದ್ದು ಎಂದರು.

ಮರುವರ್ಷ ಅಡಿಕೆ ಕೊಯ್ಲು ಮುಗಿದ ಮೇಲೆ ಶುರು ಮಾಡಿದೆ. ಜಿಬ್ ಬಿಚ್ಚಿಟ್ಟೆ. ದೊಡ್ಡ ಹಾಯಿಯನ್ನೂ ಬಿಚ್ಚಿಟ್ಟು, ಅಡಿಕೆ ಹರಡುವ ಸಿಲ್ಪಾಲಿನ್ ಹಾಳೆಯಿಂದ ಅದರ ಅರ್ಧ ಅಳತೆಯ ಹಾಯಿ ಹೊಲಿಸಿದೆ. ಸಾಗರದ ದರ್ಜಿಯೊಬ್ಬರು ಅಂಚಿಗೆ ಎರಡು ಮಡಿಕೆ ಹಾಕಿ ಕೊಟ್ಟರು. ಹಾಳೆ, ಕೂಲಿ, ಕಣ್ಣುಗಳಿಗೆ ಹಾಕಿದ ಹಿತ್ತಾಳೆ ಬಳೆ ಸೇರಿ ಎರಡೂವರೆ ಸಾವಿರ. ಜಿಬ್ ಇಲ್ಲದ ಹೋಬಿ ಗಾಳಿಗೆ ಎದುರಾಗಿ ಇನ್ನೂ ಬೇಗ ಸಿಕ್ಕಿಕೊಳ್ಳುತ್ತದೆ. ನನಗೆ ಬೇಕಾದದ್ದೂ ಅದೇ.

ಬೊಡ್ಡೆಯಿಲ್ಲದ ಕೊಲ್ಲಿ, ಗಂಟೆಗೆ ಎಂಟು-ಹತ್ತು ಕಿಲೋಮೀಟರಿನ ಗಾಳಿ. ಮೂತಿಯನ್ನು ಬೇಕೆಂದೇ ಗಾಳಿಗೆ ನೇರ ನಿಲ್ಲಿಸಿ. ಮುಂದೆ ಯಾವ ಬದಿಯಿಂದ ಗಾಳಿ ಬರಬೇಕೋ ಆ ಬದಿಯಲ್ಲಿ ಕುಳಿತು ಬೂಮನ್ನೂ (ದೊಡ್ಡ ಹಾಯಿಯ ಅಡಿಯಂಚಿನ ಅಡ್ಡಕೋಲು) ಚುಕ್ಕಾಣಿಯ ಹಿಡಿಯನ್ನೂ ಒಟ್ಟಿಗೆ ನಿಮ್ಮಿಂದ ಆಚೆಗೆ ತಳ್ಳಿ. ದೋಣಿ ಹಿಂದಕ್ಕೆ ಸರಿಯುತ್ತದೆ, ಹಿಂಭಾಗ ನಿಮ್ಮ ಕಡೆಗೆ, ಮೂತಿ ಆಚೆಗೆ ಹೊರಳುತ್ತದೆ. ಗಾಳಿ ಬದಿಯಿಂದ ತಾಗಿದ್ದು ಕೆನ್ನೆಗೆ ಗೊತ್ತಾದಾಗ ಎರಡನ್ನೂ ನಿಮ್ಮ ಕಡೆಗೆ ಎಳೆದುಕೊಳ್ಳಿ. ದೋಣಿ ಮುಂದಕ್ಕೆ ಹೊರಡುತ್ತದೆ. ತಳ್ಳು-ತಳ್ಳು, ಎಳೆ-ಎಳೆ, ಮಂತ್ರ ಇಷ್ಟೇ. ಟ್ರೇಲರ್ ಕಟ್ಟಿದ ಪವರ್ ಟಿಲ್ಲರನ್ನು ತೋಟದ ದಾರಿಯಲ್ಲಿ ಹಿಂದಕ್ಕೆ ತೆಗೆದವರ ಕೈಗೆ ಇದು ಬೇಗ ಹತ್ತುತ್ತದೆ. ಹಿಂದಕ್ಕೆ ಹೋಗುವಾಗ ಹಿಡಿಯನ್ನು ಬಿಗಿಯಾಗಿ ಹಿಡಿದಿರಿ, ಇಲ್ಲವಾದರೆ ನೀರಿನ ಒತ್ತಡಕ್ಕೆ ಚುಕ್ಕಾಣಿಗಳು ಒಮ್ಮೆಲೇ ಅಡ್ಡ ಹೊಡೆದು ಪಿನ್ನು ಮುರಿಯುತ್ತವೆ. ನನ್ನದು ಮುರಿದಾಗ ತಾಳಗುಪ್ಪದ ವೆಲ್ಡಿಂಗ್ ಅಂಗಡಿಯಲ್ಲಿ ಸ್ಟೀಲ್ ಕಡ್ಡಿ ಕಡಿಸಿ ಹಾಕಿದೆ. ನೂರೈವತ್ತು ರೂಪಾಯಿ, ಆಮದು ಪಿನ್ನಿಗಿಂತ ವಾಸಿ.

ಒಂದು ತಿಂಗಳು ಹೆಚ್ಚುಕಡಿಮೆ ಇದನ್ನೇ ಮಾಡಿದೆ. ಹಿಂದಕ್ಕೆ ಎಂಟರ ಆಕಾರದಲ್ಲಿ ಹೋಗುವಷ್ಟು ಹಿಡಿತ ಬಂತು. ಆಮೇಲೆ ಅಸಲು ಹಾಯಿ, ಜಿಬ್ ಎರಡನ್ನೂ ಏರಿಸಿ ಸರಿಯಾದ ಟ್ಯಾಕ್‌ಗೆ ಕೈಹಾಕಿದರೆ ಅದು ತಾನಾಗಿ ಬಂತು. ಚುಕ್ಕಾಣಿಯನ್ನು ಮೊದಲು ಮೆಲ್ಲಗೆ, ಆಮೇಲೆ ಹೆಚ್ಚು ತಿರುಗಿಸಬೇಕು. ಮೂತಿ ಗಾಳಿಯನ್ನು ದಾಟುತ್ತಿದ್ದಂತೆ ಮೇನ್ ಶೀಟನ್ನು, ಅಂದರೆ ದೊಡ್ಡ ಹಾಯಿಯ ಹಗ್ಗವನ್ನು, ಎರಡು-ಮೂರು ಅಡಿ ಸಡಿಲ ಬಿಡಬೇಕು, ಇಲ್ಲವಾದರೆ ದೊಡ್ಡ ಹಾಯಿ ಮೂತಿಯನ್ನು ಮತ್ತೆ ಗಾಳಿಗೇ ತಿರುಗಿಸುತ್ತದೆ. ಜಿಬ್ಬನ್ನು ಬದಲಿಸುವ ಅವಸರ ಬೇಡ. ಅದು ತಪ್ಪು ಬದಿಯಲ್ಲಿ ಗಾಳಿ ತುಂಬಿಕೊಂಡೇ ಮೂತಿಯನ್ನು ಆಚೆಗೆ ಒತ್ತಲಿ. ತಿರುಗುವಾಗ ಮೈಭಾರ ಹಿಂದಿನ ಮೂಲೆಯಲ್ಲಿರಲಿ. ಇಷ್ಟಾದ ಮೇಲೂ ನಿಂತುಹೋದರೆ ತಳ್ಳು-ತಳ್ಳು, ಎಳೆ-ಎಳೆ ಇದ್ದೇ ಇದೆ. ನಿಂತುಹೋಗುವ ಭಯ ಹೋದವನು ಕೊನೆಯ ಕ್ಷಣದಲ್ಲಿ ಚುಕ್ಕಾಣಿಯನ್ನು ಜಗ್ಗುವುದಿಲ್ಲ. ಜಗ್ಗದೇ ಇದ್ದರೆ ಅರ್ಧಕ್ಕರ್ಧ ಟ್ಯಾಕ್‌ಗಳು ಕೆಡುವುದೇ ಇಲ್ಲ. ಮಂದಗಾಳಿಯಲ್ಲಿ ಹಾಯಿಗೆ ಆಕಾರ ಕೊಡುವ ಪಟ್ಟಿಗಳನ್ನು ಈ ಬದಿಯಿಂದ ಆ ಬದಿಗೆ ಮಗುಚುವ ನನ್ನದೊಂದು ಕಾಲ್ಚಳಕವಿದೆ. ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ದೋಣಿಯೇ ಮಗುಚುವುದರ ಬಗ್ಗೆ ಹೇಳದಿದ್ದರೆ ಆಗದು. ದ್ವೀಪದ ಮರೆಯಿಂದ ಹೊರಬಂದ ತಕ್ಷಣ ಬೀಸಿದ ಗಾಳಿಗೆ ಕೆಳಬದಿಯ ಒಡಲಿನ ಮೂತಿ ನೀರಿಗೆ ಇಳಿದರೆ ದೋಣಿ ಮುಂದಕ್ಕೆ ಪಲ್ಟಿ ಹೊಡೆಯುತ್ತದೆ. ನಾನು ಹೋಗಿ ಮಾಸ್ಟನ್ನು ಹಿಡಿದು ನಿಲ್ಲಿಸುವ ಮುಂದಿನ ತಂತಿಗೆ ಬಡಿದಿದ್ದೇನೆ. ಮಾಸ್ಟ್ ಪೂರ್ತಿ ಕೆಳಮುಖವಾದರೆ ಅದರ ತುದಿ ಬೊಡ್ಡೆಗಳ ನಡುವೆ ಸಿಕ್ಕಿ ಅಲ್ಲಿಗೆ ಕಥೆ ಮುಗಿಯುತ್ತದೆ. ಅದಕ್ಕೇ ಮಾಸ್ಟಿನ ತುದಿಗೆ ಮುಚ್ಚಳ ಭದ್ರ ಮಾಡಿದ ಹತ್ತು ಲೀಟರಿನ ಖಾಲಿ ಕ್ಯಾನ್ ಕಟ್ಟಿದ್ದೇನೆ. ನೋಡಲು ಅಸಹ್ಯ, ಆದರೆ ದೋಣಿ ಬದಿಗೆ ಮಲಗಿಯೇ ಇರುತ್ತದೆ. ಎತ್ತುವಾಗ ಶೀಟುಗಳನ್ನೆಲ್ಲ ಬಿಡಿಸಿ, ಮಾಸ್ಟಿನ ತುದಿ ಗಾಳಿ ಬರುವ ಕಡೆಗೆ ಇರುವಂತೆ ತಿರುಗಿಸಿಕೊಳ್ಳಿ. ಹಾಯಿಯ ಅಡಿಗೆ ಗಾಳಿ ನುಗ್ಗಿ ನೆರವಾಗುತ್ತದೆ. ನನ್ನ ತೂಕ ಅರವತ್ತರ ಆಸುಪಾಸು, ಒಬ್ಬನೇ ಹಗ್ಗಕ್ಕೆ ಜೋತರೆ ದೋಣಿ ಮಿಸುಕುವುದಿಲ್ಲ. ದಪ್ಪ ಟಾರ್ಪಾಲಿನ ಚೀಲದಲ್ಲಿ ನಲವತ್ತು ಲೀಟರ್ ನೀರು ತುಂಬಿ ಹೆಗಲ ಮೇಲಿನಿಂದ ಹಗ್ಗಕ್ಕೆ ತೂಗುಹಾಕಿ ಹಿಂದಕ್ಕೆ ಒರಗುತ್ತೇನೆ. ಎದ್ದ ದೋಣಿ ನಿಮ್ಮನ್ನು ಬಿಟ್ಟು ಹೊರಟೀತು, ಎರಡು ಒಡಲುಗಳ ನಡುವಿನ ಅಡ್ಡಪಟ್ಟಿ ಹಿಡಿದೇ ಇರಿ. ಲೈಫ್ ಜಾಕೆಟ್ ಇಲ್ಲದೆ ಇದನ್ನೆಲ್ಲ ಮಾಡುತ್ತೇನೆ ಎನ್ನುವವರು ಮುಂದೆ ಓದಬೇಕಿಲ್ಲ.

ನಡುವೆ ಕೆಲವು ತರಲೆ ಪ್ರಯೋಗಗಳೂ ನಡೆದವು. ಹಾಯಿಯ ಮುರಿದ ಪಟ್ಟಿಗಳಿಗೆ ಬದಲಾಗಿ ಅಡಿಕೆ ದಬ್ಬೆಯನ್ನು ಹೆರೆದು ನಯ ಮಾಡಿ ತೂರಿಸಿದೆ. ಮೊದಲ ದಿನ ಬಹಳ ಚೆನ್ನಾಗಿ ಬಾಗಿತು. ನೀರು ಕುಡಿದ ಮೇಲೆ ಭಾರವಾಯಿತು, ಒಣಗಿದ ಮೇಲೆ ಬಾಗಿದಂತೆಯೇ ಉಳಿಯಿತು. ದೊಡ್ಡ ಹಾಯಿಗೆ ಪ್ರಯೋಜನವಿಲ್ಲ, ಆದರೆ ಜಿಬ್ಬಿನ ಗಿಡ್ಡ ಪಟ್ಟಿಗಳು ಇಂದಿಗೂ ದಬ್ಬೆಯವೇ. ಮಾಸ್ಟಿನ ತಂತಿಯ ವಿಷಯದಲ್ಲಿ ಉಳಿತಾಯ ಬೇಡ. ಪಂಪು ಇಳಿಸುವ ತಂತಿಯನ್ನು ಮಾಸ್ಟಿಗೆ ಕಟ್ಟಿ ನೋಡಿದೆ. ಅದು ಎಳೆದಂತೆ ಉದ್ದವಾಗಿ ಒಂದು ಮಧ್ಯಾಹ್ನ ಮಾಸ್ಟ್ ಟ್ರಾಂಪೊಲಿನ್ (ಒಡಲುಗಳ ನಡುವೆ ಬಿಗಿದ ಹಾಸು) ಮೇಲೆಯೇ ಮಲಗಿತು. ಮಂಗಳೂರಿನಿಂದ ಸ್ಟೇನ್‌ಲೆಸ್ ತಂತಿ ತರಿಸಿ ತುದಿಗಳನ್ನು ಒತ್ತಿಸಿದ್ದಕ್ಕೆ ಹದಿನಾಲ್ಕು ಸಾವಿರ. ಲಾಭವಾದದ್ದು ದೋಟಿಯಲ್ಲಿ. ಮದ್ದು ಹೊಡೆಯುವ ಕಾರ್ಬನ್ ಫೈಬರ್ ದೋಟಿಯ ಒಂದು ತುಂಡು ತುದಿ ಒಡೆದು ಮೂಲೆ ಸೇರಿತ್ತು. ಎಂಟು ಅಡಿಗೆ ಕತ್ತರಿಸಿ ಚುಕ್ಕಾಣಿಯ ಹಿಡಿಗೆ ಸೇರಿಸಿದೆ. ಕಂಪನಿಯ ಉದ್ದ ಹಿಡಿಗಿಂತ ಹಗುರ, ಕೈಯಲ್ಲಿ ನಡುಗುವುದೂ ಇಲ್ಲ.

ಗಾಳಿಯ ಲೆಕ್ಕ ನನ್ನ ನೆನಪಿನದು, ನಿಮ್ಮ ಕೊಲ್ಲಿಯಲ್ಲಿ ಬೇರೆ ಇದ್ದೀತು. ಡಿಸೆಂಬರ್-ಜನವರಿಯಲ್ಲಿ ಬೆಳಿಗ್ಗೆ ಪೂರ್ವದಿಂದ ಒಣಗಾಳಿ, ಹತ್ತು ಗಂಟೆಯ ಮೇಲೆ ಬಿಡಿಬಿಡಿ. ಫೆಬ್ರುವರಿ ಕೊನೆಯಿಂದ ಮೇ ತನಕ ಮಧ್ಯಾಹ್ನ ಎರಡರ ಮೇಲೆ ಪಡುವಣ ಗಾಳಿ ಬರುತ್ತದೆ, ಹನ್ನೆರಡು-ಹದಿನೈದು ಕಿಲೋಮೀಟರ್. ಕಲಿಯಲು ಇದೇ ಹದ. ಇಪ್ಪತ್ತೈದು ದಾಟಿದರೆ ಒಬ್ಬನೇ ಹೊರಡುವುದಿಲ್ಲ. ಮಳೆಗಾಲದ ಮಾತೇ ಬೇಡ. ಏಪ್ರಿಲ್-ಮೇ ಸಂಜೆಗಳಲ್ಲಿ ಗುಡುಗು ಕೇಳಿದರೆ ಮಾಸ್ಟ್ ಇಳಿಸಿ ದಂಡೆ ಹತ್ತಿ. ದಂಡೆಯ ಹತ್ತಿರ ವಿದ್ಯುತ್ ತಂತಿ ಹಾದಿದ್ದರೆ ಅಲ್ಲಿ ಅಲ್ಯುಮಿನಿಯಂ ಮಾಸ್ಟ್ ಎತ್ತಲೇಬೇಡಿ. ನೀರಿಗೆ ಸಂಬಂಧಪಟ್ಟವರ ಅನುಮತಿ ಮೊದಲೇ ಪಡೆದಿರಬೇಕು. ಕೆಲವು ಭಾಗ ಅಭಯಾರಣ್ಯಕ್ಕೆ ಸೇರಿದೆ.

ಬೊಡ್ಡೆಗಳಿಗೆ ನಾನು ಕಂಡುಕೊಂಡ ಉಪಾಯ ಸರಳ. 1964ರಲ್ಲಿ ಅಣೆಕಟ್ಟು ಮುಗಿದು ನೀರು ನಿಂತಾಗ ಮುಳುಗಿದ ಕಾಡು ಅದು, ಜಾಗ ಬಿಟ್ಟು ಕದಲುವುದಿಲ್ಲ. ಜಲಾಶಯ ತುಂಬಿದಾಗ, ಅಂದರೆ ಸಮುದ್ರಮಟ್ಟದಿಂದ 1819 ಅಡಿಯ ಹತ್ತಿರ, ಬಹುತೇಕ ಬೊಡ್ಡೆಗಳು ಆಳದಲ್ಲಿರುತ್ತವೆ. ಬೇಸಿಗೆ ಕೊನೆಗೆ ಬಯಲಿಗೆ ಬರುತ್ತವೆ. ನೀರು ತೀರಾ ಇಳಿದ ವರ್ಷ ಮಡೆನೂರಿನ ಹಳೆಯ ಅಣೆಕಟ್ಟೇ ಮೇಲೆದ್ದು ಕಾಣಿಸುತ್ತದೆ. ಕಾಟ ಕೊಡುವುದು ಇವೆರಡರ ನಡುವಿನ ತಿಂಗಳುಗಳಲ್ಲಿ, ಬೊಡ್ಡೆಯ ತುದಿ ನೀರಿಗಿಂತ ಒಂದು ಗೇಣು ಕೆಳಗಿದ್ದಾಗ. ಮೇ ತಿಂಗಳಲ್ಲಿ ಬರಿದಾದ ನೆಲದ ಮೇಲೆ ನಡೆದಾಡಿ, ನನ್ನ ದಾರಿಯಲ್ಲಿ ಬರುವ ಬೊಡ್ಡೆಗಳನ್ನೆಲ್ಲ ಮೊಬೈಲಿನ ನಕ್ಷೆಯಲ್ಲಿ ಗುರುತು ಮಾಡಿದ್ದೇನೆ. ಆ ನಕ್ಷೆಯನ್ನು ಯಾರಿಗೂ ಕೊಟ್ಟಿಲ್ಲ. ನಡೆದರೆ ನಿಮಗೂ ಸಿಗುತ್ತದೆ.

ಒಟ್ಟು ಖರ್ಚು ಎರಡು ಲಕ್ಷದ ಹತ್ತಿರ ಬಂದು ನಿಂತಿತು, ಆಗಿನ ದರದಲ್ಲಿ ಸುಮಾರು ನಾಲ್ಕು ಕ್ವಿಂಟಲ್ ರಾಶಿ ಅಡಿಕೆಯ ಹಣ. ಅದರಲ್ಲಿ ಮೂವತ್ತು ಸಾವಿರದಷ್ಟು ದಂಡ. ಮೊದಲೇ ಒಳ್ಳೆಯ ತಂತಿ ಹಾಕಿ, ತೇಪೆಯನ್ನು ಒಣ ಹವೆಯಲ್ಲಿ ಮಾಡಿದ್ದರೆ ಉಳಿಯುತ್ತಿತ್ತು. ಅಣ್ಣನ ಮಗಳು ಕಳೆದ ರಜೆಯಲ್ಲಿ ಬಂದಾಗ ಸಿಲ್ಪಾಲಿನ್ ಹಾಯಿಯಲ್ಲಿ ಅವಳನ್ನು ಹಿಂದಕ್ಕೆ ಓಡಾಡಿಸಿದೆ. ವಾರ ಕಳೆಯುವುದರೊಳಗೆ ಅವಳು ಟ್ಯಾಕ್ ಹಾಕುತ್ತಿದ್ದಳು. ವಿಡಿಯೊ ನೋಡಿದ ತರಬೇತುದಾರರು ಫೋನ್ ಮಾಡಿ, ಹಾಯಿಯ ಅಳತೆ ಎಷ್ಟು ಎಂದು ಕೇಳಿದರು. ನಗು ಬಂದರೂ ಅಳತೆ ಹೇಳಿದೆ. 2025ರ ಜುಲೈನಲ್ಲಿ ಸಿಗಂದೂರಿನ ಸೇತುವೆ ತೆರೆದ ಮೇಲೆ ಹಿನ್ನೀರು ದಾಟಿಸುವ ಲಾಂಚಿನ ಸಾಲಿನಲ್ಲಿ ಕಾಯುವ ಕೆಲಸವಿಲ್ಲದ ಭಾವ ಒಮ್ಮೆ ದಂಡೆಗೂ ಬಂದಿದ್ದರು. ಟ್ರಾಂಪೊಲಿನ್ ಮೇಲೆ ಕೂರಿಸಿ ಒಂದು ಸುತ್ತು ಹಾಕಿಸಿದೆ. ಇಳಿಯುವಾಗ, ಇದಕ್ಕೆ ಡೀಸೆಲ್ ಬೇಡವಲ್ಲ ಎಂದು ಮಾತ್ರ ಹೇಳಿದರು.

ಇನ್ನು ಟ್ರಪೀಜ್, ಅಂದರೆ ದೋಣಿಯ ಹೊರಕ್ಕೆ ಒರಗಿ ನಿಲ್ಲಲು ಮಾಸ್ಟಿನಿಂದ ಬರುವ ತಂತಿ, ಹಾಕಿಸಬೇಕು. ಅದಕ್ಕೆ ಸಿಕ್ಕಿಸುವ ಸೊಂಟದ ಹಾರ್ನೆಸ್ ಬೆಲೆ ವಿಚಾರಿಸುತ್ತಿದ್ದೇನೆ. ಸಿಲ್ಪಾಲಿನ್ ಹಾಯಿ ಸದ್ಯ ಅಟ್ಟದ ಮೇಲಿದೆ. ಕಲಿಯುವವರು ಬಂದು ಒಯ್ಯಬಹುದು, ಅಡಿಕೆ ಕೊಯ್ಲು ಶುರುವಾಗುವ ಮುನ್ನ ಮರಳಿಸಿದರೆ ಸಾಕು. ಹಾಳೆ ಅಂಗಳಕ್ಕೂ ಬೇಕಾಗುತ್ತದೆ.