ಜೈಲಿಗೆ ಹೋಗಿ ಬಂದವನಿಂದಲೂ ದಂಡದ ರೊಕ್ಕ ವಸೂಲಿ: ನನ್ನ ಅನುಭವ

ಚೆಕ್ ಬೌನ್ಸ್ ಕೇಸು ಗೆಲ್ಲುವುದು ಈಗ ದೊಡ್ಡ ಮಾತಲ್ಲ. ನೋಟಿಸು, ರಸೀದಿ, ಬ್ಯಾಂಕ್ ಮೆಮೊ ಸರಿ ಇದ್ದರೆ ಶಿಕ್ಷೆ ಆಗುತ್ತದೆ. ತಿಣುಕಾಟ ಇರುವುದು ಆಮೇಲೆ. ದಂಡ ಹಾಕಿದ ಆದೇಶ ಕೈಯಲ್ಲಿದೆ, ದುಡ್ಡು ಮಾತ್ರ ಇಲ್ಲ. ನಮ್ಮ ಹುಬ್ಬಳ್ಳಿ ಕಡೆ ವಕೀಲರಲ್ಲಿ ಜಾಸ್ತಿ ಜನ ಈ ಹಂತದಲ್ಲಿ ಎಫ್‌ಎಲ್‌ಡಬ್ಲ್ಯೂ (ದಂಡ ವಸೂಲಿಯ ವಾರಂಟ್) ಒಂದು ಕೇಳಿ, ಪಿ.ಎಫ್. (ಪ್ರೋಸೆಸ್ ಫೀ) ಕಟ್ಟಿ, ಫೈಲು ಕಪಾಟಿಗೆ ಸೇರಿಸುತ್ತಾರೆ. ನಾನು ಹಾಗೆ ಬಿಡಲಿಲ್ಲ. ಡಿ.ಸಿ. ಮೂಲಕ ಹೋದೆ, ಹೊಲದ ಉತಾರಕ್ಕೆ (ಪಹಣಿಗೆ) ಬೋಜಾ, ಅಂದರೆ ಬಾಕಿಯ ಹೊರೆ, ಏರಿಸಿದೆ, ದುಡ್ಡು ಬಂತು. ಬಾರ್ ರೂಮಿನಲ್ಲಿ ನಕ್ಕವರೇ ಈಗ ಅರ್ಜಿಯ ನಕಲು ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಕೇಸು ಇಷ್ಟು. ನನ್ನ ಪಕ್ಷಗಾರರದ್ದು ಹುಬ್ಬಳ್ಳಿಯಲ್ಲಿ ಬೀಜ-ಗೊಬ್ಬರದ ಸಗಟು ಅಂಗಡಿ. ಆರೋಪಿ ಹಾವೇರಿ ಜಿಲ್ಲೆಯ ಹಳ್ಳಿಯವನು. ಅಲ್ಲಿ ಚಿಲ್ಲರೆ ಅಂಗಡಿ, ಜೊತೆಗೆ ಎಂಟೊಂಬತ್ತು ಎಕರೆ ಎರೆ ಹೊಲ. ಚೆಕ್ಕು ನಾಲ್ಕೂವರೆ ಲಕ್ಷದ್ದು. ಕೋರ್ಟು ಆರು ಲಕ್ಷ ಹತ್ತು ಸಾವಿರ ದಂಡ ಹಾಕಿತು. ಅದರಲ್ಲಿ ಆರು ಲಕ್ಷ ದೂರುದಾರರಿಗೆ ಪರಿಹಾರ, ಹತ್ತು ಸಾವಿರ ಸರ್ಕಾರಕ್ಕೆ. ಕಟ್ಟದಿದ್ದರೆ ಮೂರು ತಿಂಗಳು ಜೈಲು.

ಅವನು ಅಪೀಲಿಗೆ ಹೋದ. 2018ರ ತಿದ್ದುಪಡಿ ಬಂದ ಮೇಲೆ ಅಪೀಲಿನಲ್ಲಿ ಕನಿಷ್ಠ ಶೇಕಡಾ 20 ಕಟ್ಟಿಸಬಹುದು. ಚೆಕ್ ಬೌನ್ಸಿನ ಕಾಯ್ದೆ, ಅಂದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಆಕ್ಟ್‌ನ ಸೆಕ್ಷನ್ 148. ಹಾಗೆ ಒಂದು ಲಕ್ಷ ಇಪ್ಪತ್ತು ಸಾವಿರದ ಹತ್ತಿರ ಬಂತು. ಅದನ್ನು ಅಪೀಲು ನಡೆಯುತ್ತಿದ್ದಾಗಲೇ ಬಿಡಿಸಿಕೊಂಡೆವು. ನನ್ನ ಕೇಳಿದರೆ, ಈ ಇಪ್ಪತ್ತು ಪರ್ಸೆಂಟ್ ಬಿಡಿಸಿಕೊಳ್ಳುವ ಅರ್ಜಿ ಹಾಕದ ವಕೀಲ ಪಕ್ಷಗಾರನ ಅರ್ಧ ಕೆಲಸ ಬಿಟ್ಟ ಹಾಗೆ.

ಅಪೀಲು ವಜಾ ಆಯಿತು. ಆಸಾಮಿ ದುಡ್ಡು ಕಟ್ಟಲಿಲ್ಲ, ನೆಟ್ಟಗೆ ಹೋಗಿ ಮೂರು ತಿಂಗಳು ಜೈಲಿನಲ್ಲಿ ಕೂತು ಬಂದ. ಹೊರಗೆ ಬಂದವನು ಕೋರ್ಟಿನ ಆವರಣದಲ್ಲೇ ಸಿಕ್ಕಿ, 'ವಕೀಲ್ರ, ಜೈಲಿಗೆ ಹೋಗಿ ಬಂದೇನ್ರಿ, ಲೆಕ್ಕ ಚುಕ್ತಾ ಆತಲ್ರಿ, ಇನ್ನ ಎಂಥಾ ರೊಕ್ಕ?' ಅಂದ. ಅವನ ವಕೀಲರೂ ಹಾಗೇ ಹೇಳಿದರು. ನಮ್ಮ ಸೀನಿಯರ್ ಒಬ್ಬರು ಕೂಡ, 'ಬಿಡೋ ತಮ್ಮಾ, ಡಿ.ಸಿ. ಆಫೀಸಿಗೆ ಹೋದ ಕೋರ್ಟಿನ ಕಾಗದ ತಿರುಗಿ ಬಂದದ್ದನ್ನ ನಾ ನೋಡಿಲ್ಲ' ಎಂದರು. ಪಕ್ಷಗಾರರೂ ಕೈಚೆಲ್ಲಿದ್ದರು.

ಜೈಲು ಮುಗಿಸಿದರೆ ದಂಡ ತೀರಿತು ಅನ್ನುವುದು ಅರ್ಧ ಸತ್ಯ. ಸಿಆರ್‌ಪಿಸಿ (ಹಳೆಯ ದಂಡ ಪ್ರಕ್ರಿಯಾ ಸಂಹಿತೆ) 421ರ ಪ್ರೊವೈಸೊ, ಅಂದರೆ ಷರತ್ತಿನ ಸಾಲು, ಓದಿ. ಈಗಿನ ಬಿಎನ್‌ಎಸ್‌ಎಸ್‌ನಲ್ಲಿ ಅದು 461. ದಂಡದ ಬದಲಿನ ಜೈಲು ಪೂರ್ತಿ ಅನುಭವಿಸಿದವನ ಮೇಲೆ ವಾರಂಟ್ ಬೇಡ, ವಿಶೇಷ ಕಾರಣ ಇದ್ದರೆ ಬರೆದು ಹೊರಡಿಸಿ, ಇಲ್ಲವೇ ದಂಡದಿಂದ ಪರಿಹಾರ ಕೊಡಲು ಆದೇಶವಾಗಿದ್ದರೆ ಹೊರಡಿಸಿ, ಎಂದಿದೆ. ನಮ್ಮದು ಆ ಕೊನೆಯ ಸಾಲಿಗೆ ಸರಿಯಾಗಿ ಕೂತಿತು. ಅದೇ ಸಂಹಿತೆಯ 357(3)ರಲ್ಲಿ, ದಂಡದಿಂದಲ್ಲದೆ ಬೇರೆಯಾಗಿ ಕೊಟ್ಟ ಪರಿಹಾರಕ್ಕೂ ಇದೇ ಮಾತು ಅಂತ 2017ರಲ್ಲಿ ಕುಮಾರನ್ ವಿರುದ್ಧ ಕೇರಳ ರಾಜ್ಯ ಕೇಸಿನಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆ ತೀರ್ಪಿನ ಪ್ರತಿ ನನ್ನ ಬ್ಯಾಗಿನಲ್ಲಿ ಖಾಯಂ ಇರುತ್ತದೆ.

ಮೊದಲು ಎಲ್ಲರಂತೆ ಪೊಲೀಸರ ಮೂಲಕ ಎಫ್‌ಎಲ್‌ಡಬ್ಲ್ಯೂ ತೆಗೆದುಕೊಂಡೆ. ಕೋರ್ಟು ಹುಬ್ಬಳ್ಳಿಯದು, ಆಸ್ತಿ ಹಾವೇರಿ ಜಿಲ್ಲೆಯದು. ಹೊರಗಿನ ಜಿಲ್ಲೆಯಲ್ಲಿ ಜಪ್ತಿ ಮಾಡಬೇಕಾದರೆ ವಾರಂಟಿನ ಮೇಲೆ ಅಲ್ಲಿನ ಜಿಲ್ಲಾ ಮ್ಯಾಜಿಸ್ಟ್ರೇಟರ ಒಪ್ಪಿಗೆಯ ಬರಹ, ಅಂದರೆ ಎಂಡಾರ್ಸ್‌ಮೆಂಟ್ ಬೇಕು. ಸೆಕ್ಷನ್ 422, ಈಗ 462. ಕೋರ್ಟಿನ ಶಾಖೆಯವರು ಅದಿಲ್ಲದೇ ಕಳಿಸಿದ್ದರು. ನಾಲ್ಕೈದು ತಿಂಗಳ ಮೇಲೆ ವಾರಂಟ್ ಹಾಗೇ ವಾಪಸ್ ಬಂತು. ಎಂಡಾರ್ಸ್ ಮಾಡಿಸಿ ಎರಡನೇ ಸಲ ಕಳಿಸಿದೆವು. ಈ ಸಲ ಪಂಚನಾಮೆ ಬಂತು. ನೋಡಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡು ಪ್ಲಾಸ್ಟಿಕ್ ಕುರ್ಚಿ, ಕಬ್ಬಿಣದ ಮಂಚ ಒಂದು, ರೆಕ್ಕೆ ಮುರಿದ ಟೇಬಲ್ ಫ್ಯಾನ್ ಒಂದು, 'ಇದರ ಹೊರತು ಜಪ್ತಿಗೆ ಯೋಗ್ಯ ಚರಾಸ್ತಿ ಕಂಡುಬರಲಿಲ್ಲ'. ಕೆಳಗೆ ಇಬ್ಬರು ಪಂಚರ ಸಹಿ. ಅವರಲ್ಲಿ ಒಬ್ಬನ ಅಡ್ಡಹೆಸರು ಆರೋಪಿಯದೇ!

ಅದೇ ಮನೆಯ ಮುಂದೆ ಕೆಎ 27ರ ಟ್ರ್ಯಾಕ್ಟರ್ ನಿಂತಿದ್ದನ್ನು ನನ್ನ ಪಕ್ಷಗಾರರ ಮಗ ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡು ಬಂದಿದ್ದ. ಆರ್‌ಟಿಒದಿಂದ ಬಿ ಎಕ್ಸ್‌ಟ್ರ್ಯಾಕ್ಟ್ (ಗಾಡಿ ನೋಂದಣಿಯ ವಿವರ) ತೆಗೆಸಿದೆ. ಹೆಸರು ಹೆಂಡತಿಯ ತಮ್ಮನದು, ಅದರ ಮೇಲೆ ಫೈನಾನ್ಸ್ ಬೇರೆ. ಅಲ್ಲಿಗೆ ಆ ದಾರಿ ಮುಗಿಯಿತು. ಬೇರೊಂದು ಕೇಸಿನಲ್ಲಿ ಆರೋಪಿಯ ಬೈಕೇ ಸಿಕ್ಕಿತ್ತು. ಠಾಣೆಯ ಆವರಣದಲ್ಲಿ ಒಂದು ಮಳೆಗಾಲ ನೆನೆದು, ಬೆಲೆ ಕಟ್ಟಿಸಿ, ಹರಾಜು ಮಾಡಿ ಬಂದದ್ದು ಹದಿಮೂರೋ ಹದಿನಾಲ್ಕೋ ಸಾವಿರ. ಅದಕ್ಕೆ ಓಡಾಡಿದ ಖರ್ಚು ಕಳೆದರೆ ಏನೂ ಉಳಿಯಲಿಲ್ಲ. ಚರಾಸ್ತಿ ಜಪ್ತಿ ನಂಬಿ ಕೂತರೆ ಇಷ್ಟೇ. ದಂಡದ ಮೇಲೆ ಬಡ್ಡಿ ಓಡುವುದಿಲ್ಲ, ಅದನ್ನು ನೆನಪಿಡಿ. ತಡ ಆದಷ್ಟೂ ಲಾಭ ಅವನಿಗೇ.

421(1)ರ (ಬಿ) ಖಂಡ ಹಿಡಿದದ್ದು ಆಮೇಲೆ. ಜಿಲ್ಲಾಧಿಕಾರಿಗೆ ವಾರಂಟ್, ಭೂಕಂದಾಯದ ಬಾಕಿ ಎಂದು ವಸೂಲಿ. ಪೊಲೀಸರ ವಾರಂಟಿಗೆ ಚರಾಸ್ತಿ ಮಾತ್ರ ಸಿಗುತ್ತದೆ, ಇದಕ್ಕೆ ಹೊಲ-ಮನೆಯೂ ಸಿಗುತ್ತದೆ. ಒಂದೇ ಷರತ್ತು, ಈ ವಾರಂಟಿನ ಮೇಲೆ ಬಾಕಿದಾರನನ್ನು ಹಿಡಿದು ಒಳಗೆ ಹಾಕುವ ಹಾಗಿಲ್ಲ. ನಮಗೆ ಅವನು ಯಾತಕ್ಕೆ ಬೇಕು? ಹೊಲ ಸಾಕು.

ಕೋರ್ಟಿನ ಆಫೀಸಿನಲ್ಲಿ ಈ ವಾರಂಟಿನ ಅಚ್ಚಾದ ಫಾರ್ಮ್ ಇರಲಿಲ್ಲ. 'ಇಂಥಾದ್ದು ನಾವು ಕಳಿಸೇ ಇಲ್ರೀ' ಎಂದರು. ಕಾಯ್ದೆಯ ಎರಡನೇ ಷೆಡ್ಯೂಲಿನಲ್ಲಿ ನಮೂನೆ ಇದೆ. ನಾನೇ ಟೈಪ್ ಮಾಡಿಸಿ ಅರ್ಜಿಯ ಜೊತೆ ಕೊಟ್ಟೆ. ಮ್ಯಾಜಿಸ್ಟ್ರೇಟ್ ಸಾಹೇಬರು ಓದಿ ಸಹಿ ಮಾಡಿದರು.

ಆಮೇಲೆ ಶುರುವಾಯಿತು ಟಪಾಲಿನ ಯಾತ್ರೆ. ಮೇಲೆ 'ಕ್ರಿಮಿನಲ್' ಎಂದು ಬರೆದಿದ್ದಕ್ಕೆ ಕಾಗದ ಮೊದಲು ಮ್ಯಾಜಿಸ್ಟೀರಿಯಲ್ ಶಾಖೆಗೆ ಹೋಯಿತು. ಅವರು ಇದು ವಸೂಲಿ ಅಂದರು. ಕಂದಾಯದವರು ಇದು ಕೋರ್ಟಿನದು ಅಂದರು. ಹೀಗೆ ಒಂದೆರಡು ತಿಂಗಳು. ಕೊನೆಗೆ ತಹಶೀಲ್ದಾರ್ ಕಚೇರಿಗೆ ಇಳಿಯಿತು, ಅಲ್ಲಿಂದ 'ಸರ್ವೆ ನಂಬರ್ ನಮೂದಿಸಿಲ್ಲ' ಎಂದು ಮೇಲಕ್ಕೆ ಹತ್ತಿತು. ನಮೂನೆಯಲ್ಲಿ ಸರ್ವೆ ನಂಬರಿಗೆ ಜಾಗವೇ ಇಲ್ಲ, ಅವರದೂ ತಪ್ಪಲ್ಲ ಬಿಡಿ. ಎರಡನೇ ಸಲ ಹೊಲದ ವಿವರದ ಷೆಡ್ಯೂಲ್ ಹಚ್ಚಿ ಕಳಿಸಿದೆ. ಆಗ ಕ್ಷೇತ್ರ ತಾಳೆ ಆಗಲಿಲ್ಲ. ಪೋಡಿ (ಹೊಲದ ಅಳತೆ-ವಿಭಜನೆ) ಆಗಿ ಒಂದು ನಂಬರಿಗೆ ಹಿಸ್ಸಾ (ಉಪಭಾಗ) ಬಿದ್ದಿತ್ತು.

ಮೂರನೇ ಸಲ ನಾನೇ ಹೊಸ ಉತಾರ, ಇ.ಸಿ. (ಋಣಭಾರ ಪತ್ರ), ಹಳೆ ಡೈರಿ (ಹಕ್ಕು ಬದಲಾವಣೆಯ ದಾಖಲೆ) ನಕಲುಗಳು, ಎಲ್ಲ ಜೋಡಿಸಿ, ಹಿಸ್ಸಾ ಸಮೇತ ನಂಬರ್ ಬರೆದು, ಯಾವ ನಂಬರಿನಲ್ಲಿ ಅವನೊಬ್ಬನದೇ ಹೆಸರು, ಯಾವುದರಲ್ಲಿ ಅಣ್ಣತಮ್ಮಂದಿರ ಜಂಟಿ ಹೆಸರು ಎಂದು ಬೇರೆ ಬೇರೆ ತೋರಿಸಿದೆ. ಜಂಟಿ ಹೊಲಕ್ಕೆ ಕೈ ಹಾಕಬೇಡಿ. ಅಣ್ಣ ಬಂದು ತಕರಾರು ತೆಗೆಯುತ್ತಾನೆ, ಕಾಗದ ಅಲ್ಲೇ ಕೂರುತ್ತದೆ. ಅವನೊಬ್ಬನ ಹೆಸರಿನಲ್ಲಿ ಮೂರು ಎಕರೆ ಚಿಲ್ಲರೆ ಇತ್ತು, ಅಷ್ಟೇ ಕೇಳಿದೆ. ಅರ್ಜಿಯ ಜೊತೆ ಹಚ್ಚಿದ ಇನ್ನೊಂದು ಕಾಗದದ ಬಗ್ಗೆ, ಮತ್ತೆ ತಹಶೀಲ್ದಾರ್ ಕಚೇರಿಯಲ್ಲಿ ಯಾವ ಮೇಜಿನಿಂದ ಕೆಲಸ ಏಳುತ್ತದೆ ಅನ್ನುವುದರ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಅಷ್ಟಾದರೂ ನನಗೆ ಇರಲಿ! ಲಂಚದ ಮಾತಲ್ಲ ಅದು, ಸುಮ್ನೆ ಏನೇನೋ ಊಹಿಸಬೇಡಿ.

ನೋಟಿಸು ಹೋದದ್ದೇ ತಡ, ಆಸಾಮಿ ಚುರುಕಾದ. ಹೆಂಡತಿ-ಮಕ್ಕಳಿಗೆ ಹೊಲ ಹಂಚಿ ವಾಟ್ನಿ ವರ್ದಿ (ಪಾಲಿನಂತೆ ಖಾತೆ ಬದಲಿಸುವ ಅರ್ಜಿ) ಕೊಟ್ಟ. ನಾನು ವಾರಕ್ಕೊಮ್ಮೆ ಆ ಸರ್ವೆ ನಂಬರನ್ನು ಭೂಮಿ ವೆಬ್‌ಸೈಟಿನಲ್ಲಿ ನೋಡುತ್ತಿದ್ದೆ. ಮ್ಯುಟೇಶನ್ ಚಾಲ್ತಿಯಲ್ಲಿದೆ ಅಂತ ಕಂಡ ಕೂಡಲೇ ಆಕ್ಷೇಪಣೆಯ ಅವಧಿಯೊಳಗೆ ತಕರಾರು ಅರ್ಜಿ ಹಾಕಿದೆ. ಜೊತೆಗೆ ವಾರಂಟಿನ ನಕಲು. ವರ್ದಿ ಅಲ್ಲೇ ನಿಂತಿತು. ಈ ಒಂದು ಕಾವಲು ಇಲ್ಲದಿದ್ದರೆ ಮೂರು ವರ್ಷದ ಓಡಾಟ ನೀರುಪಾಲಾಗುತ್ತಿತ್ತು. ಇದನ್ನು ಗುಮಾಸ್ತನ ಮೇಲೆ ಬಿಡಬೇಡಿ.

ಕಡೆಗೆ ಉತಾರದ 11ನೇ ಕಾಲಂನಲ್ಲಿ ಬೋಜಾ ಕೂತಿತು. ಕೋರ್ಟಿನ ಹೆಸರು, ಕೇಸ್ ನಂಬರ್, ಬಾಕಿ ನಾಲ್ಕು ಲಕ್ಷ ಎಂಬತ್ತು ಚಿಲ್ಲರೆ ಸಾವಿರ. ಹರಾಜಿನವರೆಗೆ ಹೋಗಬೇಕಾಗಲಿಲ್ಲ. ಮುಂಗಾರಿಗೆ ಮುಂಚೆ ಸೊಸೈಟಿಯ ಬಡ್ಡಿ ಇಲ್ಲದ ಸಾಲ ನವೀಕರಿಸಲು ಹೋದಾಗ ಅಲ್ಲಿ ಉತಾರ ನೋಡಿ ವಾಪಸ್ ಕಳಿಸಿದರು. ಬ್ಯಾಂಕಿಗೆ ಹೋದ, ಅಲ್ಲೂ ಅದೇ. ಮೂರು ತಿಂಗಳ ಜೈಲಿಗೆ ಜಗ್ಗದವನು ಉತಾರದ ಒಂದು ಸಾಲಿಗೆ ಜಗ್ಗಿದ. ಊರ ಹಿರಿಯರೊಬ್ಬರನ್ನು ಕರೆದುಕೊಂಡು ನನ್ನ ಆಫೀಸಿಗೇ ಬಂದ.

ಚೌಕಾಸಿ ಜೋರಾಗಿತ್ತು. 2023ರ ಫೆಬ್ರವರಿಯಲ್ಲಿ ಸರ್ಕಾರ ಟ್ರಾಫಿಕ್ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟಿತ್ತಲ್ಲ, ಅದನ್ನು ಹಿಡಿದುಕೊಂಡು 'ಸರ್ಕಾರನ ಅರ್ಧ ಬಿಡ್ತೈತಿ, ನೀವ್ಯಾಕ ಬಿಡಂಗಿಲ್ರಿ?' ಎಂದ. ತಲೆ ಇದೆ ಮನುಷ್ಯನಿಗೆ. ಅದು ಸರ್ಕಾರದ ದುಡ್ಡು, ಬಿಟ್ಟರೆ ಸರ್ಕಾರದ್ದು ಹೋಗುತ್ತದೆ, ಇದು ಅಂಗಡಿಯವರ ಬೆವರು ಎಂದೆ. ಪಕ್ಷಗಾರರು ಒಂದು ಪೈಸೆ ಬಿಡಲಿಲ್ಲ. ಶೇಂಗಾ ಮಾರಿದ್ದು, ತಮ್ಮನಿಂದ ಕೈಗಡ ತಂದದ್ದು ಸೇರಿಸಿ ಎರಡು ಕಂತಿನಲ್ಲಿ ಕೋರ್ಟಿಗೇ ಕಟ್ಟಿದ. ಕಂತು ಯಾವಾಗಲೂ ಕೋರ್ಟಿನಲ್ಲೇ ಕಟ್ಟಿಸಿ, ಕೈಯಲ್ಲಿ ತೆಗೆದುಕೊಳ್ಳಬೇಡಿ.

ಖರ್ಚಿನ ಲೆಕ್ಕ ಹೇಳಬೇಕಲ್ವಾ. ನಕಲು, ಪಿ.ಎಫ್., ಉತಾರ, ಇ.ಸಿ., ಹಾವೇರಿಗೆ ಬಸ್ಸು-ಕಾರು, ಎಲ್ಲ ಸೇರಿ ಹದಿನೆಂಟಿಪ್ಪತ್ತು ಸಾವಿರ ಆಗಿರಬೇಕು. ನನ್ನ ಫೀ ಬೇರೆ, ಮೊದಲೇ ಮಾತಾಡಿದ ಗುತ್ತಿಗೆ ಮೊತ್ತ. ವಸೂಲಾದದ್ದರಲ್ಲಿ ಪಾಲು ಕೇಳುವ ಹಾಗಿಲ್ಲ, ಬಾರ್ ಕೌನ್ಸಿಲ್ ನಿಯಮ. ಓಡಾಟ ನೋಡಿದರೆ ಆ ಫೀ ಕಡಿಮೆಯೇ ಆಯಿತು. ಮುಂದಿನ ಕೇಸಿಗೆ ಜಾಸ್ತಿ ಹೇಳಿದ್ದೇನೆ, ಕೊಟ್ಟಿದ್ದಾರೆ.

ನಡುವೆ ಬೇರೆ ಪ್ರಯೋಗವನ್ನೂ ಮಾಡಿದೆ. ಒಂದು ಚೆಕ್ ಬೌನ್ಸ್ (ಸೆಕ್ಷನ್ 138) ಕೇಸನ್ನು ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಸಿದೆ, ಕಂತು ತಪ್ಪಿದರು. ಆ ಅವಾರ್ಡು ಸಿವಿಲ್ ಡಿಕ್ರಿ ಇದ್ದಂತೆ ಎಂದು ಸುಪ್ರೀಂ ಕೋರ್ಟು ಗೋವಿಂದನ್ ಕುಟ್ಟಿ ಮೆನನ್ ಕೇಸಿನಲ್ಲಿ ಹೇಳಿದೆ. ಹಾಗಾಗಿ ಇ.ಪಿ. (ಡಿಕ್ರಿ ಜಾರಿಯ ಅರ್ಜಿ) ಹಾಕಿದೆ. ಅದು ಇನ್ನೂ ಓಡುತ್ತಿದೆ, ಓಡುತ್ತಿದೆ ಅನ್ನುವುದಕ್ಕಿಂತ ತೆವಳುತ್ತಿದೆ. ಗದಗಿನ ಹೆಣ್ಣುಮಗಳೊಬ್ಬಳ ಜೀವನಾಂಶದ ಬಾಕಿಗೂ ಎಫ್‌ಎಲ್‌ಡಬ್ಲ್ಯೂ ಹಾದಿ ಹಿಡಿದೆ. ಅಲ್ಲಿ ಗಂಡ ಜೈಲಿಗೆ ಹೋಗಿ ಬಂದರೂ ಬಾಕಿ ತೀರುವುದಿಲ್ಲ ಅನ್ನುವುದು 1989ರ ಕುಲದೀಪ್ ಕೌರ್ ತೀರ್ಪಿನಿಂದಲೇ ಗಟ್ಟಿ. ಆದರೆ ಬಾಕಿಯಾಗಿ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಅವನ ಹೆಸರಿನಲ್ಲಿ ಹೊಲ ಇಲ್ಲ, ಸಂಬಳ ಇತ್ತು. ಸಂಬಳದ ಹಾದಿಯೇ ಬೇರೆ ಕಥೆ, ಇನ್ನೊಮ್ಮೆ ಬರೆಯುತ್ತೇನೆ.

ಯಾರಾದರೂ ಈ ಹಾದಿ ಹಿಡಿಯುವುದಿದ್ದರೆ ಮೊದಲು ಆದೇಶದ ಕೊನೆಯ ಪುಟ ನೋಡಿ. 'ದಂಡದ ಮೊತ್ತದಿಂದ ಪರಿಹಾರ' ಎಂದು ಸ್ಪಷ್ಟವಾಗಿ ಬರೆಸಿಕೊಳ್ಳಿ, ವಾದ ಮಾಡುವಾಗಲೇ ಕೇಳಿ. ದಂಡ ವಸೂಲಿಗೆ ಇರುವ ಆರು ವರ್ಷದ ಮಿತಿ ಮರೆಯಬೇಡಿ, ಹಿಂದೆ ಐಪಿಸಿ 70ರಲ್ಲಿತ್ತು, ಈಗ ಬಿಎನ್‌ಎಸ್ 8ರಲ್ಲಿದೆ. ಬಾಕಿದಾರ ಸತ್ತರೂ ಅವನ ಆಸ್ತಿಗೆ ಹೊಣೆ ತಪ್ಪುವುದಿಲ್ಲ, ಅದೂ ಅಲ್ಲೇ ಇದೆ. ಹೊಲ ಇಲ್ಲದ, ಬಾಡಿಗೆ ಮನೆಯ ಪೇಟೆ ಆಸಾಮಿಗೆ ಇದು ನಡೆಯುವುದಿಲ್ಲ. ಪೇಟೆಯ ಸಿಟಿಎಸ್ (ಸಿಟಿ ಸರ್ವೆ) ಉತಾರದ ಮೇಲೆ ಬೋಜಾ ಏರಿಸಲು ಧಾರವಾಡದ ಒಂದು ಕೇಸಿನಲ್ಲಿ ಈಗ ಅರ್ಜಿ ಹಾಕಿದ್ದೇನೆ. ಅಲ್ಲಿ ಸಿಟಿ ಸರ್ವೆಯವರನ್ನೂ ಒಪ್ಪಿಸಬೇಕು.

ದುಡ್ಡು ಪೂರ್ತಿ ಜಮಾ ಆದ ಮೇಲೆ ಬೋಜಾ ಇಳಿಸಲು ಕೋರ್ಟಿನಿಂದ ತಹಶೀಲ್ದಾರರಿಗೆ ಪತ್ರ ಹೋಗಬೇಕು. ಆಸಾಮಿ ದಿನಾ ನನಗೇ ಫೋನ್ ಮಾಡಿ, 'ವಕೀಲ್ರ, ನನ್ನ ಬೋಜಾ ಯಾವಾಗ ತೆಗಸ್ತೀರಿ?' ಅನ್ನುತ್ತಾನೆ. ಅದು ಅವನ ವಕೀಲರ ಕೆಲಸ. ಅವರಿಗೆ ಆ ಮೇಜು ಯಾವುದು ಅಂತ ಗೊತ್ತಿಲ್ಲ.