ಪೊಲೀಸರು ಸಮನ್ಸ್ ತಂದರೆ ಸಹಿ ಹಾಕಬೇಕಾ, ಬೇಡ್ವಾ?

ನಮ್ಮನೆಗೆ ಸಮನ್ಸ್ ಬಂದಿದ್ದು ಬೆಳಿಗ್ಗೆ ಏಳೂವರೆಗೆ. ಪೇದೆ ಬೈಕಿಗೆ ಸ್ಟ್ಯಾಂಡ್ ಹಾಕಿ, ಪೆಟ್ರೋಲ್ ಟ್ಯಾಂಕ್ ಮೇಲೇ ಕಾಗದ ಬಿಡಿಸಿ, ‘ಇಲ್ಲೊಂದು ಸೈನ್ ಹಾಕಿ ಸಾರ್’ ಅಂದರು. ಎದುರು ಮನೆಯವರು ಹಲ್ಲುಜ್ಜುವುದನ್ನೇ ನಿಲ್ಲಿಸಿದರು. ನಾನು ನೋಡಿದ್ದ ಒಂದು ಅಪಘಾತದ ಬಗ್ಗೆ ಸಾಕ್ಷಿ ಹೇಳಲು ಕರೆದಿದ್ದರು, ಅಷ್ಟೇ. ಸಂಜೆಯೊಳಗೆ ಬೀದಿಯಲ್ಲಿ ನಾನೇ ಗುದ್ದಿದ್ದೆ ಅಂತ ಆಗಿತ್ತು.

ಅದಕ್ಕೇ ಮೊದಲು ಕಾಗದ ಓದಿ. ಯಾವ ಕೋರ್ಟು, ಕೇಸ್ ನಂಬರ್ ಏನು, ಯಾವ ದಿನ ಎಷ್ಟು ಗಂಟೆಗೆ, ಮುಖ್ಯವಾಗಿ ನಿಮ್ಮನ್ನು ಕರೆದಿರುವುದು ಸಾಕ್ಷಿಯಾಗಿಯೋ ಆರೋಪಿಯಾಗಿಯೋ. ಕೋರ್ಟಿನ ಮೊಹರು, ಸಹಿ ಇದೆಯಾ ನೋಡಿ.

ಆಮೇಲೆ ಸಹಿ. ಸಮನ್ಸ್ ಎರಡು ಪ್ರತಿ ಇರುತ್ತದೆ. ಒಂದು ನಿಮಗೆ, ಇನ್ನೊಂದರ ಹಿಂಬದಿಯಲ್ಲಿ ನೀವು ಸಹಿ ಹಾಕಿ ವಾಪಸ್ ಕೊಡಬೇಕು. ಸಹಿ ಹಾಕಿದರೆ ತಪ್ಪು ಒಪ್ಪಿಕೊಂಡ ಹಾಗೆ ಅಂತ ಹೆದರುವವರು ಜಾಸ್ತಿ. ಹಾಗೇನಿಲ್ಲ, ‘ಕಾಗದ ಸಿಕ್ಕಿತು’ ಅಂತ ಅಷ್ಟೇ ಅದರರ್ಥ. ಸಹಿ ಪಕ್ಕ ತಾರೀಖು, ಗಂಟೆ ಬರೆಯಿರಿ. ನಾಳೆ ಕೋರ್ಟ್ ಅಂದರೆ ಇವತ್ತು ಸಂಜೆ ಸಮನ್ಸ್ ಕೈಗೆ ಸಿಗುವುದೂ ಉಂಟು, ಆಗ ಇದು ಕೆಲಸಕ್ಕೆ ಬರುತ್ತದೆ. ‘ತಗೊಳ್ಳಲ್ಲ ಹೋಗ್ರಿ’ ಅಂದರೆ ಲಾಭವಿಲ್ಲ. ಕೊಡಲು ಬಂದರು, ಇವರು ಬೇಡ ಅಂದರು ಅಂತ ಪೇದೆ ಬರೆದುಕೊಂಡು ಹೋಗುತ್ತಾರೆ.

ನೀವು ಮನೆಯಲ್ಲಿ ಇಲ್ಲದಿದ್ದರೆ? ಇಲ್ಲೊಂದು ಒಳ್ಳೆ ಬದಲಾವಣೆ ಆಗಿದೆ. ಕ್ರಿಮಿನಲ್ ಕೇಸು ಹೇಗೆ ನಡೆಸಬೇಕು ಅಂತ ಹೇಳುತ್ತಿದ್ದ ಹಳೆಯ ಕಾನೂನು ಸಿಆರ್‌ಪಿಸಿ ಪ್ರಕಾರ ಜೊತೆಗೆ ವಾಸಿಸುವ ಕುಟುಂಬದ ವಯಸ್ಕ ಗಂಡಸರ ಕೈಗೇ ಕೊಡಬೇಕಿತ್ತು. ಮನೆ ನಡೆಸುವ, ಬ್ಯಾಂಕಿಗೆ ಓಡಾಡುವ, ಎಲ್ಲ ಕಡೆ ಸಹಿ ಹಾಕುವ ಹೆಂಡತಿ ಎದುರಿಗೇ ನಿಂತಿದ್ದರೂ ಆಕೆ ಕೈಗೆ ಕೊಟ್ಟಿದ್ದು ಕಾನೂನಿನ ಲೆಕ್ಕಕ್ಕಿರಲಿಲ್ಲ, ಹದಿನೆಂಟು ತುಂಬಿದ ಮಗನ ಕೈಗೆ ಕೊಟ್ಟರೆ ಸರಿ! ಅದರ ಬದಲು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ‘ಗಂಡಸು’ ಅನ್ನೋ ಪದ ಹೋಗಿದೆ. ಈಗ ಅಮ್ಮ, ಹೆಂಡತಿ, ಮಗಳು ಯಾರೇ ಪಡೆಯಬಹುದು. ಮನೆಕೆಲಸದವರನ್ನು ಮಾತ್ರ ಕುಟುಂಬ ಅಂತ ಕಾನೂನು ಒಪ್ಪುವುದಿಲ್ಲ. ಅಪಾರ್ಟ್‌ಮೆಂಟ್ ವಾಚ್‌ಮನ್, ಪಕ್ಕದ ಮನೆಯವರ ಹತ್ತಿರ ಬಿಟ್ಟು ಹೋಗುವಂತೆಯೂ ಇಲ್ಲ. ಯಾರೂ ಸಿಗಲಿಲ್ಲವಾದರೆ ಎದ್ದು ಕಾಣುವ ಕಡೆ, ಅಂದರೆ ಸಾಮಾನ್ಯವಾಗಿ ಬಾಗಿಲಿಗೇ, ಅಂಟಿಸುತ್ತಾರೆ. ಅದು ತಲುಪಿದ ಲೆಕ್ಕವೋ ಅಲ್ಲವೋ ಅಂತ ಕೋರ್ಟ್ ವಿಚಾರಿಸಿ ಹೇಳುತ್ತದೆ.

ಸರ್ಕಾರಿ ನೌಕರರಿಗೆ ಸಾಮಾನ್ಯವಾಗಿ ಕಚೇರಿ ಮುಖ್ಯಸ್ಥರ ಮೂಲಕ ಬರುತ್ತದೆ, ಸಾಹೇಬರಿಗೇ ಮೊದಲು ಗೊತ್ತಾಗುತ್ತದೆ. ಆಸ್ತಿ, ಪಾಲು ಇಂಥ ಸಿವಿಲ್ ಕೇಸಿಗೆ ಬರುವವರು ಸಾಮಾನ್ಯವಾಗಿ ಪೊಲೀಸರಲ್ಲ, ಕೋರ್ಟ್ ಅಮೀನರು.

ಈಗ ಮೊಬೈಲಿಗೂ ಸಮನ್ಸ್ ಬರಬಹುದು, ಅದಕ್ಕೆ ಕಾನೂನಿನಲ್ಲಿ ಅವಕಾಶ ಇದೆ. ಮೋಸಗಾರರಿಗೂ ಇದು ಗೊತ್ತು. ವಿಡಿಯೊ ಕಾಲ್ ಮಾಡಿ ‘ಡಿಜಿಟಲ್ ಅರೆಸ್ಟ್’ ಅಂದರೆ ಸುಮ್ನೆ ಕಟ್ ಮಾಡಿ, ಅಂಥದ್ದೊಂದು ಕಾನೂನಿನಲ್ಲೇ ಇಲ್ಲ. ಸಮನ್ಸ್ ಕೊಡುವವರು ದುಡ್ಡನ್ನೂ ಕೇಳುವುದಿಲ್ಲ. ಅನುಮಾನ ಬಂದರೆ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಪ್ರತಿ ಕೇಸಿಗೂ ಬೇರೆಯಾಗಿರುವ 16 ಅಕ್ಷರ-ಅಂಕಿಗಳ ಸಿಎನ್‌ಆರ್ ನಂಬರ್ ಹಾಕಿ, ಕೇಸ್ ಇದೆಯೋ ಇಲ್ಲವೋ ಗೊತ್ತಾಗುತ್ತದೆ.

ಇನ್ನು ಹೋಗದೇ ಇದ್ದರೆ? ಸಾಮಾನ್ಯವಾಗಿ ಮೊದಲು ಜಾಮೀನು ಸಿಗುವ ವಾರಂಟ್, ಆಮೇಲೆ ಪೊಲೀಸರೆಲ್ಲ ‘ಎನ್‌ಬಿಡಬ್ಲ್ಯೂ’ ಅನ್ನುವ ಜಾಮೀನುರಹಿತ ವಾರಂಟ್. ತಾರೀಖು ದಾಟಿತು, ಮುಗೀತು ಅಂದುಕೊಳ್ಳಬೇಡಿ, ಕೋರ್ಟ್ ರದ್ದು ಮಾಡುವ ತನಕ ಅಥವಾ ಜಾರಿಯಾಗುವ ತನಕ ವಾರಂಟ್ ಜೀವಂತ. ಹೋಗಲು ಆಗದ ದಿನವಾದರೆ ಮೊದಲೇ ವಕೀಲರ ಮೂಲಕ ತಿಳಿಸಿ. ಸಾಕ್ಷಿಯಾಗಿ ಹೋದರೆ ಬತ್ತಾ, ಅಂದರೆ ಓಡಾಟದ ಖರ್ಚು, ಕೇಳಿ. ನನಗೆ ಗೊತ್ತಿರಲಿಲ್ಲ, ಕೈಯಿಂದಲೇ ಬಸ್ ಚಾರ್ಜ್ ಹಾಕಿಕೊಂಡು ಬಂದೆ.